ಪಟ್ಟಿಯಲ್ಲಿಲ್ಲದ ಅಂಕಣ

1947ರ ದೇಶವಿಭಜನೆಯನ್ನು ಕುರಿತ ಗ್ರಂಥಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ನಾಯಕರ ಪತ್ರವ್ಯವಹಾರ, ಸಂಧಾನದ ಮಾತುಕತೆ, ಗಡಿ ಗುರುತಿಸಿದ ಆಯೋಗದ ತೀರ್ಪು ಇವೆಲ್ಲ ಸಂಪುಟಗಳಾಗಿ ಪ್ರಕಟವಾಗಿವೆ. ಆದರೆ ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಏನಾಯಿತು, ಮನೆಗಳ ಒಳಗೆ ಏನು ನಡೆಯಿತು ಎಂದು ಕೇಳುವವರಿಗೆ ಗ್ರಂಥಾಲಯಗಳಲ್ಲಿ ಬಹುಕಾಲ ಉತ್ತರ ದೊರೆಯುತ್ತಿರಲಿಲ್ಲ. ಈ ಪ್ರಶ್ನೆಯನ್ನು ಬೆನ್ನುಹತ್ತಿದ ಎರಡು ಮುಖ್ಯ ಕೃತಿಗಳು 1998ರಲ್ಲಿ ಹೊರಬಂದವು. ಒಂದು, ರಿತು ಮೆನನ್ ಮತ್ತು ಕಮಲಾ ಭಾಸಿನ್ ಅವರ ‘ಬಾರ್ಡರ್ಸ್ ಅಂಡ್ ಬೌಂಡರೀಸ್’. ಇನ್ನೊಂದು, ಊರ್ವಶಿ ಬುಟಾಲಿಯಾ ಅವರ ‘ದಿ ಅದರ್ ಸೈಡ್ ಆಫ್ ಸೈಲೆನ್ಸ್’, ಅಂದರೆ ಮೌನದ ಮತ್ತೊಂದು ಮಗ್ಗುಲು. ಎರಡನೆಯ ಕೃತಿಯನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ.

1984ರಲ್ಲಿ ದೆಹಲಿಯಲ್ಲಿ ಸಿಖ್ಖರ ಮೇಲೆ ನಡೆದ ಹಿಂಸಾಚಾರದ ಸಂದರ್ಭದಲ್ಲಿ ಪರಿಹಾರಕಾರ್ಯಕ್ಕೆ ಹೋದ ಲೇಖಕಿಗೆ, ಹಿರಿಯರ ಬಾಯಲ್ಲಿ ಮತ್ತೆ ಮತ್ತೆ ವಿಭಜನೆಯ ಮಾತು ಕೇಳಿಬಂತು. ಆಕೆಯದೂ ಲಾಹೋರಿನಿಂದ ಬಂದ ಕುಟುಂಬವೇ. ಸೋದರಮಾವನೊಬ್ಬ ಅಲ್ಲಿಯೇ ಉಳಿದುಕೊಂಡು ಮತಾಂತರಗೊಂಡಿದ್ದ. ಆ ವಿಷಯ ಮನೆಯಲ್ಲಿ ಮುಚ್ಚಿಟ್ಟ ಗಾಯವಾಗಿತ್ತು. ಅನಂತರದ ವರ್ಷಗಳಲ್ಲಿ ಬುಟಾಲಿಯಾ ಪಂಜಾಬಿನ ನಿರಾಶ್ರಿತರ ಮನೆಮನೆಗೆ ಹೋಗಿ ಅವರ ಮಾತುಗಳನ್ನು ಧ್ವನಿಮುದ್ರಿಸಿದರು. ಸರ್ಕಾರಿ ಕಡತಗಳನ್ನೂ ಓದಿದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದೇ ಈ ಕೃತಿಯ ವಿಧಾನ, ಅದರ ಶಕ್ತಿಯೂ ಹೌದು.

ಮೊದಲು ಸರ್ಕಾರಿ ಕಡತವನ್ನು ನೋಡೋಣ. ವಿಭಜನೆಯ ಕಾಲದಲ್ಲಿ ಎರಡೂ ಕಡೆ ಸೇರಿ ಸುಮಾರು 75,000 ಮಹಿಳೆಯರು ಅಪಹರಣಕ್ಕೂ ಅತ್ಯಾಚಾರಕ್ಕೂ ಗುರಿಯಾದರೆಂಬ ಅಂದಾಜಿದೆ. ಅವರನ್ನು ಹುಡುಕಿ ಹಿಂದಕ್ಕೆ ತರಲು 1947ರ ಡಿಸೆಂಬರಿನಲ್ಲಿ ಉಭಯ ದೇಶಗಳು ಒಪ್ಪಂದ ಮಾಡಿಕೊಂಡವು. 1949ರಲ್ಲಿ ಭಾರತ ಒಂದು ಕಾಯ್ದೆಯನ್ನೇ ತಂದಿತು. ಕಾಣೆಯಾದ ಹಿಂದೂ, ಸಿಖ್ ಮಹಿಳೆಯರು ಹಾಗೂ ಮಕ್ಕಳ ಸಾವಿರ ಪುಟ ಮೀರಿದ ಪಟ್ಟಿಯೊಂದನ್ನು ಸರ್ಕಾರ ಜಿಲ್ಲಾವಾರು ಮುದ್ರಿಸಿತು. ಹೆಸರು, ವಯಸ್ಸು, ಯಾರ ಮಗಳು ಅಥವಾ ಯಾರ ಹೆಂಡತಿ, ಎಲ್ಲಿಂದ ಕಾಣೆಯಾದಳು ಎಂಬ ವಿವರಗಳು ಅದರಲ್ಲಿವೆ. ಒಂದು ರಾಷ್ಟ್ರ ತನ್ನ ಹೆಣ್ಣುಮಕ್ಕಳ ನೋವನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದ್ದು ಅಪರೂಪವೇ.

ಆದರೆ ಆ ಪಟ್ಟಿಯಲ್ಲಿ ಒಂದು ಅಂಕಣ ಇರಲಿಲ್ಲ: ಆಕೆಯ ಇಚ್ಛೆ ಏನು? ಕಾಯ್ದೆಯಲ್ಲಿಯೂ ಅದಕ್ಕೆ ಎಡೆಯಿರಲಿಲ್ಲ. 1947ರ ಮಾರ್ಚ್ 1ರ ಅನಂತರ ಕುಟುಂಬದಿಂದ ಬೇರ್ಪಟ್ಟು ಅನ್ಯಧರ್ಮೀಯನ ಬಳಿ ಇರುವ ಹೆಣ್ಣು, ಆಕೆಯ ವಯಸ್ಸು ಎಷ್ಟೇ ಇರಲಿ, ‘ಅಪಹೃತಳು’ ಎಂದೇ ಪರಿಗಣಿತಳಾದಳು. ಪೊಲೀಸರು ಆಕೆಯನ್ನು ವಾರಂಟ್ ಇಲ್ಲದೆ ಕರೆದೊಯ್ಯಬಹುದಿತ್ತು. ನರಕದಿಂದ ಬಿಡುಗಡೆ ಪಡೆದವರು ಅನೇಕರು. ಹಾಗೆಯೇ, ಹೊಸ ಬದುಕನ್ನು ಹೇಗೋ ಕಟ್ಟಿಕೊಂಡು, ಮಕ್ಕಳನ್ನು ಹಡೆದು, ಹಿಂದಿರುಗಲು ಒಲ್ಲೆನೆಂದು ಅತ್ತವರೂ ಇದ್ದರು. ಎಷ್ಟೋ ತಾಯಂದಿರು ಮಕ್ಕಳನ್ನು ಬಿಟ್ಟು ಬರಬೇಕಾಯಿತು. ಬಂದವರಲ್ಲಿ ಕೆಲವರನ್ನು ಹೆತ್ತವರೇ ಮನೆಗೆ ಸೇರಿಸಲಿಲ್ಲ. ಅವರು ಆಶ್ರಮಗಳಲ್ಲಿ ಮುದುಕಿಯರಾದರು. ಅಪಹರಿಸಿದವನೂ ಕೇಳಲಿಲ್ಲ, ರಕ್ಷಿಸಿದವನೂ ಕೇಳಲಿಲ್ಲ ಎಂಬ ಕಹಿಸತ್ಯವನ್ನು ಬುಟಾಲಿಯಾ ಆರ್ಭಟವಿಲ್ಲದೆ, ಕಡತದ ಪುಟ ತೆರೆದೇ ತೋರಿಸುತ್ತಾರೆ.

ಸರ್ಕಾರದ ದಾಖಲೆ ಹೀಗಾದರೆ, ಕುಟುಂಬದ ನೆನಪು ಹೇಗಿದೆ? ಕೃತಿಯ ಅತ್ಯಂತ ಕಠಿಣವಾದ ಅಧ್ಯಾಯ ಇದೇ. 1947ರ ಮಾರ್ಚ್‌ನಲ್ಲಿ ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾ ಎಂಬ ಹಳ್ಳಿಯಲ್ಲಿ, ಶತ್ರುಗಳ ಕೈಗೆ ಸಿಗಬಾರದೆಂದು ಸುಮಾರು ತೊಂಬತ್ತು ಸಿಖ್ ಮಹಿಳೆಯರು ಬಾವಿಗೆ ಹಾರಿದರು. ಬಾವಿ ಹೆಣಗಳಿಂದ ತುಂಬಿಹೋದ್ದರಿಂದ ಕೊನೆಗೆ ಹಾರಿದ ಕೆಲವರು ಸಾಯಲಾಗದೆ ಉಳಿದರು. ಅದೇ ದಿನಗಳಲ್ಲಿ ಮಾನದ ಹೆಸರಿನಲ್ಲಿ ತಂದೆ, ಅಣ್ಣ, ತಮ್ಮಂದಿರೇ ತಮ್ಮ ಮನೆಯ ಹೆಣ್ಣುಮಕ್ಕಳನ್ನು ಕತ್ತಿಯಿಂದ ಕೊಂದ ಘಟನೆಗಳೂ ನಡೆದವು. ಹೀಗೆ ಸತ್ತವರು ಹುತಾತ್ಮರೆನಿಸಿದರು. ಗುರುದ್ವಾರಗಳಲ್ಲಿ ಅವರ ಸ್ಮರಣೆ ನಡೆಯುತ್ತದೆ. ಆದರೆ ಅಪಹರಣಕ್ಕೊಳಗಾಗಿಯೂ ಬದುಕಿ ಉಳಿದ ಹೆಣ್ಣಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಸತ್ತವಳಿಗೆ ಸ್ಮಾರಕ, ಉಳಿದವಳಿಗೆ ಮೌನ. ‘ಕೊಂದರು’ ಎಂಬ ಕ್ರಿಯಾಪದವೇ ಕುಟುಂಬದ ಮಾತಿನಿಂದ ಮಾಯವಾಗಿರುವುದನ್ನು ಲೇಖಕಿ ಗುರುತಿಸುವ ಬಗೆ ಓದುಗರನ್ನು ಬೆಚ್ಚಿಬೀಳಿಸುತ್ತದೆ. ಹಿಂಸೆ ಹೊರಗಿನವರಿಂದ ಮಾತ್ರ ಬಂದಿತೆಂದು ಹೇಳಿಕೊಳ್ಳುವುದು ಎಲ್ಲ ಸಮುದಾಯಗಳಿಗೂ ಹಿತಕರವಾದ ಕಥೆ.

ಕೃತಿಗೆ ಮಿತಿಗಳಿಲ್ಲವೆಂದಲ್ಲ. ಇದು ಬಹುಮಟ್ಟಿಗೆ ಪಂಜಾಬಿನ ಕಥೆ. ಬಂಗಾಳದ ದೀರ್ಘ ಯಾತನೆಗೆ ಇಲ್ಲಿ ಸ್ಥಳವಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಅಪಹೃತರಾದ ಮಹಿಳೆಯರ ಬಗ್ಗೆ ನಾವು ಹೆಚ್ಚಾಗಿ ಕೇಳುವುದು ಸಮಾಜಸೇವಕಿಯರಿಂದ, ಬಂಧುಗಳಿಂದ, ಕಡತಗಳಿಂದ. ಆ ಮಹಿಳೆಯರ ಬಾಯಿಂದಲ್ಲ. ಹೂತಿಟ್ಟ ನೋವನ್ನು ಪುಸ್ತಕಕ್ಕಾಗಿ ಕೆದಕುವ ಹಕ್ಕು ತನಗಿಲ್ಲವೆಂದು ಬುಟಾಲಿಯಾ ಹಿಂಜರಿಯುತ್ತಾರೆ. ಸಂಶೋಧಕರ ದೃಷ್ಟಿಯಲ್ಲಿ ಇದು ನಷ್ಟವೇ. ಆದರೂ ಈ ಹಿಂಜರಿಕೆಯನ್ನು ನಾನು ದೋಷವೆಂದು ಎಣಿಸಲಾರೆ. ಇಚ್ಛೆಯನ್ನು ಕೇಳದ ಪಟ್ಟಿಯನ್ನು ಟೀಕಿಸಿದವರು, ಇಚ್ಛೆಯಿಲ್ಲದವರಿಂದ ಮಾತು ಹೊರಡಿಸಿದ್ದರೆ ಅವರ ಟೀಕೆಗೇ ಬೆಲೆ ಉಳಿಯುತ್ತಿರಲಿಲ್ಲ.

ದೂರದ ಪಂಜಾಬಿನ ಈ ಹಳೆಯ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ವಿಭಜನೆಯ ಹಿಂಸೆ ಬೇರೆ, ನಿತ್ಯದ ಮನೆಯ ಹಿಂಸೆ ಬೇರೆ ಎಂಬುದು ನಿಜ. ಆದರೆ ಮೌನದ ರೀತಿ ಒಂದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ವಿವಾಹವಾದ ಮಹಿಳೆಯರಲ್ಲಿ ಶೇಕಡಾ 44.4ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದವರು. ಅದೇ ಸಮೀಕ್ಷೆ ದೇಶದ ಮಟ್ಟದಲ್ಲಿ ಕಂಡುಕೊಂಡಂತೆ, ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ನೆರವು ಯಾಚಿಸಿದವರು ಶೇಕಡಾ 14 ಮಾತ್ರ. ನಾಲ್ವರಲ್ಲಿ ಮೂವರು ಯಾರ ಬಳಿಯೂ ಬಾಯಿ ಬಿಟ್ಟಿಲ್ಲ. ನಮ್ಮ ಧರ್ಮಕೇಂದ್ರಗಳ ದಫ್ತರಗಳಲ್ಲಿ ವಿವಾಹದ ದಿನಾಂಕವಿದೆ, ಮರಣದ ದಿನಾಂಕವಿದೆ. ಅವೆರಡರ ನಡುವಿನ ವರ್ಷಗಳಲ್ಲಿ ಒಬ್ಬ ಹೆಣ್ಣುಮಗಳು ಏನನ್ನು ಸಹಿಸಿಕೊಂಡಳೆಂಬುದು ಯಾವ ಪುಟದಲ್ಲಿಯೂ ಇಲ್ಲ.

ಈ ನಿಟ್ಟಿನಲ್ಲಿ ಕಾನೂನು ಒಂದು ಹೆಜ್ಜೆ ಮುಂದಿಟ್ಟಿರುವುದನ್ನು ಗಮನಿಸಬೇಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಅದರ ಅನ್ವಯ ಸಂರಕ್ಷಣಾಧಿಕಾರಿಗಳು ಕೌಟುಂಬಿಕ ಘಟನಾ ವರದಿಯನ್ನು ಬರೆದುಕೊಳ್ಳುತ್ತಾರೆ. ದೈಹಿಕ, ಲೈಂಗಿಕ, ಮಾನಸಿಕ, ಆರ್ಥಿಕ ಎಂದು ಹಿಂಸೆಯ ಬಗೆಗಳನ್ನು ಆ ನಮೂನೆ ಬೇರೆ ಬೇರೆಯಾಗಿ ಕೇಳುತ್ತದೆ. ಆಮೇಲೆ ಇನ್ನೊಂದನ್ನೂ ಕೇಳುತ್ತದೆ: ನಿಮಗೆ ಯಾವ ಆದೇಶ ಬೇಕು? ರಕ್ಷಣೆಯೇ, ಅದೇ ಮನೆಯಲ್ಲಿ ವಾಸವೇ, ಜೀವನಾಂಶವೇ, ಮಕ್ಕಳ ಸುಪರ್ದಿಯೇ? 1949ರಲ್ಲಿ ಇಲ್ಲದ ಅಂಕಣ ಇಲ್ಲಿ ಬಂದಿದೆ.

ಆದರೆ ಅಂಕಣ ತುಂಬಬೇಕಾದವಳು ಆ ಕಚೇರಿಯವರೆಗೆ ಹೋಗಬೇಕಲ್ಲವೇ? ಅದಕ್ಕೆ ಮೊದಲು ಆಕೆ ತನ್ನ ತಾಯಿಗೋ, ಅತ್ತಿಗೆಗೋ, ನೆರೆಮನೆಯವರಿಗೋ ಹೇಳಿಕೊಂಡಿರುತ್ತಾಳೆ. ‘ಹೊಂದಿಕೊಂಡು ಹೋಗಮ್ಮ, ಮನೆಯ ಮಾನ ಬೀದಿಗೆ ಬರಬಾರದು’ ಎಂಬ ಉತ್ತರ ಅಲ್ಲಿ ಬಂದರೆ ದಾಖಲೆ ಅಲ್ಲಿಗೇ ಮುಗಿಯಿತು. ಬುಟಾಲಿಯಾ ಅವರ ಕೃತಿಯನ್ನು ಓದಿದವರು ಮಾನ ಎಂಬ ಆ ಮಾತನ್ನು ಇನ್ನೊಬ್ಬಳ ಮುಂದೆ ಆಡುವ ಮೊದಲು ಒಂದು ಗಳಿಗೆ ತಡೆಯುತ್ತಾರೆ. ಆ ಒಂದು ಗಳಿಗೆಗಾಗಿಯಾದರೂ ಇದು ನಮ್ಮ ಕುಟುಂಬಗಳಲ್ಲಿ, ಗಂಡಸರೂ ಸೇರಿ, ಓದಬೇಕಾದ ಪುಸ್ತಕ.