‘ಫಿಸಿಯೋಥೆರಪಿ ಅಡ್ವೈಸ್ಡ್’

ಸ್ಟ್ರೋಕ್ ಆದವರ ಡಿಸ್ಚಾರ್ಜ್ ಸಮ್ಮರಿಯನ್ನ ಯಾವತ್ತಾದ್ರೂ ಪೂರ್ತಿ ಓದಿದ್ದೀರಾ? ಸ್ಕ್ಯಾನಿಂಗ್ ವಿವರ ಅರ್ಧ ಪುಟ. ಮಾತ್ರೆಗಳ ಪಟ್ಟಿ, ಬೆಳಿಗ್ಗೆ ಎಷ್ಟು ರಾತ್ರಿ ಎಷ್ಟು ಅನ್ನೋ ಲೆಕ್ಕದ ಸಮೇತ. ಕೊನೆಗೆ, ಸಹಿಗಿಂತ ಸ್ವಲ್ಪ ಮೇಲೆ ಒಂದು ಸಾಲು: ‘ಫಿಸಿಯೋಥೆರಪಿ ಅಡ್ವೈಸ್ಡ್’. ಯಾರು ಮಾಡಬೇಕು, ಎಲ್ಲಿ, ದಿನಕ್ಕೆ ಎಷ್ಟು ಸಲ, ಎಷ್ಟು ತಿಂಗಳು? ಏನೂ ಇರಲ್ಲ. ಕರ್ತೃವೇ ಇಲ್ಲದ ವಾಕ್ಯ. ನನ್ನ ತಕರಾರು ಈ ಸಾಲಿನ ಮೇಲೆ.

ಬೆಂಗಳೂರಿನಲ್ಲಿ ಈ ಸಾಲು ಹೇಗೋ ನಡೆಯುತ್ತೆ. ಲ್ಯಾಪ್‌ಟಾಪ್ ಮುಂದೆ ಕೂತು ಕುತ್ತಿಗೆ ಹಿಡಿದುಕೊಂಡ ನಮಗೆ ಹತ್ತಿರದಲ್ಲೇ ಕ್ಲಿನಿಕ್ ಇರುತ್ತೆ, ಫೋನಲ್ಲಿ ಬುಕ್ ಮಾಡಿದರೆ ಮನೆಗೂ ಬರ್ತಾರೆ. ಅದೇ ಕಾಗದ ಹನೂರಿನ ಆಚೆಯ ಹಳ್ಳಿಗೆ ಹೋದರೆ ಏನಾಗುತ್ತೆ ಅಂತ ನಮ್ಮ ದೊಡ್ಡಪ್ಪನ ಮನೆಯಲ್ಲಿ ನೋಡಿದೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಜೀವ ಉಳಿಸಿ ಕಳಿಸಿದ್ದರು, ಅದಕ್ಕೆ ನಾವು ಋಣಿ. ಆಮೇಲೆ? “ಎಕ್ಸಸೈಜ್ ಮಾಡ್ಸಿ ಅಂದ್ರು ಕನಪ್ಪ, ಏನ್ ಮಾಡ್ಸದು ಅಂತ ಹೇಳ್ನಿಲ್ಲ” ಅಂದರು ದೊಡ್ಡಮ್ಮ. ಹಾಗಾಗಿ ನೋಡೋಕೆ ಬಂದವರು ಹೇಳಿದ್ದೆಲ್ಲ ನಡೆಯಿತು. ಎಣ್ಣೆ ನೀವಿದ್ದಾಯ್ತು, ಪಾರಿವಾಳದ ರಕ್ತ ಹಚ್ಚುವ ಮಾತೂ ಬಂತು. ಎಬ್ಬಿಸಿ ಕೂರಿಸುವಾಗ ಸ್ವಾಧೀನ ತಪ್ಪಿದ ಕೈಯನ್ನೇ ಹಿಡಿದು ಎಳೆಯುತ್ತಿದ್ದರು.

ಮಾಡಬಾರದ್ದು ಅದೇ. ಲಕ್ವ ಹೊಡೆದ ಕಡೆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಎಳೆದರೆ ತೋಳಿನ ಮೂಳೆ ಗುಳಿಯಿಂದ ಜಾರಬಹುದು. ಆಮೇಲೆ ನೋವಿಗೆ ಹೆದರಿ ರೋಗಿ ಆ ಕೈಯನ್ನು ಮುಟ್ಟಿಸಿಕೊಳ್ಳೋದೇ ಇಲ್ಲ. ಮಲಗಿದಲ್ಲೇ ಬಿಟ್ಟರೆ ಪಾದ ಕೆಳಕ್ಕೆ ಬಾಗಿ ಬಿಗಿದುಕೊಳ್ಳುತ್ತೆ, ಬೆನ್ನಿಗೆ ಹುಣ್ಣಾಗುತ್ತೆ. ಸ್ಟ್ರೋಕ್ ಆದಮೇಲಿನ ಚೇತರಿಕೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ ಆಗೋದು. ನಂತರವೂ ಸುಧಾರಣೆ ಇದೆ, ಆದರೆ ನಿಧಾನ. ಆ ಮೂರು ತಿಂಗಳನ್ನೇ ನಾವು ಒಂದು ಸಾಲಿಗೆ ಒಪ್ಪಿಸಿರೋದು.

ನಮ್ಮ ಕಡೆ ಫಿಸಿಯೋಥೆರಪಿಸ್ಟ್ ಅಂದರೆ ‘ಕರೆಂಟ್ ಇಡೋರು’. ಯಂತ್ರ ಅವರ ಕೆಲಸದ ಚಿಕ್ಕ ಭಾಗ ಅಷ್ಟೇ. ದೊಡ್ಡ ಭಾಗ ಕಲಿಸೋದು. ಮಗ್ಗುಲು ಹೇಗೆ ಬದಲಿಸೋದು, ಮಂಚದ ಅಂಚಿಗೆ ಹೇಗೆ ತರೋದು, ಯಾವ ಕಾಲಿನ ಮೇಲೆ ಎಷ್ಟು ಭಾರ, ಕೋಲು ಯಾವ ಕೈಗೆ... ಇಷ್ಟನ್ನೂ ಮನೆಯವರ ಕೈಯಲ್ಲೇ ಮಾಡಿಸಿ, ತಪ್ಪಿದರೆ ತಿದ್ದಬೇಕು. ಬಚ್ಚಲಿಗೆ ಹೋಗೋಕೆ ಎರಡು ಮೆಟ್ಟಿಲು ಇಳೀಬೇಕು ಅನ್ನೋದು ಆಸ್ಪತ್ರೆಯಲ್ಲಿ ಕೂತವರಿಗೆ ಕಾಣಲ್ಲ. ಅಂದರೆ ಇದು ರೋಗಿ ಇರುವಲ್ಲಿಗೇ ಹೋಗಿ ಮಾಡಬೇಕಾದ ಕೆಲಸ.

ನಾವು ಕಟ್ಟಿರೋದು ಇದಕ್ಕೆ ಪೂರ್ತಿ ಉಲ್ಟಾ. ನಡೆಯಲಾಗದವರು ನಡಿಗೆ ಕಲಿಯೋಕೆ ಬಸ್ಸು ಹತ್ತಿ ಬರಬೇಕು! ಶಕ್ತಿ ಯೋಜನೆ 2023ರಿಂದ ದೊಡ್ಡಮ್ಮನ ಟಿಕೆಟ್ ಉಳಿಸಿದೆ, ನಿಜ. ದೊಡ್ಡಪ್ಪನನ್ನು ಬಸ್ಸಿನ ಮೆಟ್ಟಿಲು ಹತ್ತಿಸೋದು ಯಾರು? ಮಹದೇಶ್ವರ ಬೆಟ್ಟದ ಕಡೆಯಿಂದ ಕೊಳ್ಳೇಗಾಲಕ್ಕೆ, ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಯಳಂದೂರಿಗೆ, ವಾರಕ್ಕೆ ಮೂರು ಸಲ ಬಾಡಿಗೆ ಗಾಡಿ ಮಾಡಿಕೊಂಡು ಬರೋದು ಕೂಲಿ ಮನೆಯವರಿಗೆ ಆಗುವ ಮಾತಲ್ಲ. ಆಯುಷ್ಮಾನ್ ಕಾರ್ಡು ಅಡ್ಮಿಟ್ ಆದವರ ಖರ್ಚು ನೋಡುತ್ತೆ, ಈ ಓಡಾಟದ್ದಲ್ಲ.

ಕಾಗದದ ಮೇಲೆ ಎಲ್ಲ ಇದೆ. 2010ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಸಮುದಾಯ ಆರೋಗ್ಯ ಕೇಂದ್ರದಿಂದ ಪುನಶ್ಚೇತನ ಕಾರ್ಯಕರ್ತರು ಹಾಸಿಗೆ ಹಿಡಿದವರ ಮನೆಗೇ ಹೋಗಬೇಕು ಅಂತಿದೆ. 2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಯನ್ನು ಆರೋಗ್ಯ ವೃತ್ತಿಗಳ ಸಾಲಿಗೆ ಸೇರಿಸಿತು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಫಿಸಿಯೋಥೆರಪಿಸ್ಟ್‌ಗಳು ಸುದ್ದಿಯಾಗಿದ್ದು ಯಾತಕ್ಕೆ? ಹೆಸರಿನ ಮುಂದೆ ‘ಡಾ.’ ಹಾಕಬಹುದಾ ಅನ್ನೋದಕ್ಕೆ. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹಾಕಬಾರದು ಅಂತ ಪತ್ರ ಬರೆಯಿತು, ಬೆನ್ನಲ್ಲೇ ಅದನ್ನು ವಾಪಸ್ ಪಡೆಯಿತು. ವರ್ಷಗಟ್ಟಲೆ ಓದಿದವರು ಗೌರವ ಕೇಳೋದು ತಪ್ಪಲ್ಲ. ಆದರೂ ಆ ಜಗಳದಲ್ಲಿ ಎರಡೂ ಕಡೆಯವರು ಬರೆದದ್ದನ್ನು ಓದಿದಾಗ ನನಗೆಲ್ಲೂ ಹನೂರು ಕಾಣಲಿಲ್ಲ.

ಬೆಟ್ಟ ಇಳಿದು ಪಾಲಾರ್ ದಾಟಿದರೆ ತಮಿಳುನಾಡು. ಅಲ್ಲಿನ ಸರ್ಕಾರ 2021ರ ಆಗಸ್ಟ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯಿಂದ ‘ಮಕ್ಕಳೈ ತೇಡಿ ಮರುತ್ತುವಂ’ ಶುರು ಮಾಡಿತು. ಮಕ್ಕಳ್ ಅಂದರೆ ಅಲ್ಲಿ ಜನ. ಜನರನ್ನು ಹುಡುಕಿಕೊಂಡು ಬರುವ ಚಿಕಿತ್ಸೆ ಅಂತ ಅರ್ಥ. ಬಿಪಿ, ಶುಗರ್ ಮಾತ್ರೆ ಜೊತೆಗೆ ಫಿಸಿಯೋಥೆರಪಿಯೂ ಆ ಯೋಜನೆಯಲ್ಲಿ ಮನೆ ಬಾಗಿಲಿಗೆ ಬರುತ್ತೆ. 2024ರಲ್ಲಿ ಕೋಲಾರದಿಂದ ಶುರುವಾದ ನಮ್ಮ ‘ಗೃಹ ಆರೋಗ್ಯ’ ಮನೆಗೆ ಬಂದು ಬಿಪಿ, ಶುಗರ್ ನೋಡುತ್ತೆ. ಸ್ಟ್ರೋಕ್ ತಡೆಯೋಕೆ ಒಳ್ಳೆಯದೇ. ಆಗಿಹೋದವರಿಗೆ? 1956ರ ತನಕ ಹನೂರೂ ಸೇರಿ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈ ಕಡೆ ಸೇರಿದ್ದಕ್ಕೆ ಬೇಜಾರೇನಿಲ್ಲ. ಈ ಒಂದು ವಿಷಯಕ್ಕೆ ಮಾತ್ರ ಹೊಟ್ಟೆ ಉರಿಯುತ್ತೆ.

ಮನೆಗೆ ಹೋಗಿ ನೋಡಿ ಬರೋಕೆ ತಾಲ್ಲೂಕಿಗೊಬ್ಬರು ಫಿಸಿಯೋಥೆರಪಿಸ್ಟ್, ಅವರಿಗೊಂದು ಗಾಡಿ. ಮೂರು ತಾಲ್ಲೂಕಿಗೆ ಮೂರು ಜನ, ಮೂರು ಗಾಡಿ. ನಮ್ಮ ಶಾಸಕರನ್ನು ಕೇಳಬೇಕಾದ್ದು ಇಷ್ಟು. ಅದು ಬರೋವರೆಗೆ, ಊರಲ್ಲಿ ಅಪ್ಪ ಅಮ್ಮನ ಬಿಟ್ಟು ಬಂದಿರೋ ನೀವು ಡಿಸ್ಚಾರ್ಜ್ ದಿನ ಬಿಲ್ ಕೌಂಟರಿಗೆ ಓಡುವ ಮೊದಲು ಫಿಸಿಯೋಥೆರಪಿಸ್ಟ್‌ನ ಮಂಚದ ಹತ್ತಿರ ಕರೆಸಿ. ಮನೆಯಲ್ಲಿ ನೋಡಿಕೊಳ್ಳೋದು ಅಮ್ಮನೋ ಅತ್ತಿಗೆಯೋ, ಅವರ ಕೈಯಲ್ಲೇ ಒಂದೊಂದೂ ಮಾಡಿಸಿ, ಅವರ ಫೋನಿನಲ್ಲೇ ವಿಡಿಯೋ ತೆಗೆಯಿರಿ. ಬೆಟ್ಟದ ಕಡೆ ನೆಟ್‌ವರ್ಕ್ ಇಲ್ಲದಿದ್ದರೂ ಅದು ಓಡುತ್ತೆ.