ಎರಡು ಎಕರೆ ಇಪ್ಪತ್ತು ಗುಂಟೆ ಮತ್ತು ಒಂದು ಮುಕ್ತ ಮಾನಕ

ಶ್ರೀರಂಗಪಟ್ಟಣ ತಾಲ್ಲೂಕು ಬಾಬುರಾಯನಕೊಪ್ಪಲಿನ ರೈತರೊಬ್ಬರ ಪಹಣಿಯಲ್ಲಿ ವಿಸ್ತೀರ್ಣ ‘2.20’ ಎಂದಿದೆ ಎಂದುಕೊಳ್ಳಿ. ಜಮೀನು ಎಷ್ಟು? ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಊರಿನವರೆಲ್ಲ ಹೇಳುತ್ತಾರೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ಅದನ್ನೇ ದಶಮಾಂಶವೆಂದು ಓದಿದರೆ ಎರಡು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಮಾಯ!

ಈ ಲೆಕ್ಕವನ್ನು ನೆನಪಿನಲ್ಲಿಟ್ಟು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’, ಅಂದರೆ ಎಂಸಿಪಿ ಎಂಬ ಮುಕ್ತ ಮಾನಕವನ್ನು ಪರಿಶೀಲಿಸೋಣ. ನಮ್ಮ ಪರವಾಗಿ ಕೆಲಸ ಮಾಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ‘ಏಜೆಂಟ್’ ಎನ್ನುತ್ತಾರೆ. ಅದು ಬ್ಯಾಂಕು, ಕಚೇರಿಗಳ ದತ್ತಾಂಶ ಭಂಡಾರಗಳೊಡನೆ ಮಾತನಾಡುವ ಕ್ರಮವನ್ನು ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. 2025ರ ಡಿಸೆಂಬರ್‌ನಲ್ಲಿ ಅದರ ಹೊಣೆ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದಿತು.

ಇದರ ಗುಣವನ್ನು ಒಪ್ಪಲೇಬೇಕು. ಐದು ಏಜೆಂಟುಗಳು, ಎಂಟು ಭಂಡಾರಗಳು ಇದ್ದರೆ ಹಿಂದೆ 5×8, ಅಂದರೆ 40 ಪ್ರತ್ಯೇಕ ಜೋಡಣೆಗಳು ಬೇಕಿದ್ದವು. ಎಲ್ಲರೂ ಒಂದೇ ಮಾನಕ ಅನುಸರಿಸಿದರೆ 5+8, ಅಂದರೆ 13 ಸಾಕು.

ಆದರೆ ಪ್ಲಗ್ಗು ಸಾಕೆಟ್ಟಿಗೆ ಹೊಂದಿದ ಮಾತ್ರಕ್ಕೆ 110 ವೋಲ್ಟಿನ ಉಪಕರಣ 230 ವೋಲ್ಟಿನಲ್ಲಿ ಉಳಿಯುವುದಿಲ್ಲ. ಎಂಸಿಪಿಯಲ್ಲಿ ಒಂದು ಮೌಲ್ಯ ‘ಸಂಖ್ಯೆ’ ಎಂದು ಘೋಷಿಸಬಹುದು. ಅದರ ಏಕಮಾನವನ್ನು ನಮೂದಿಸಲೇಬೇಕೆಂಬ ನಿಯಮವಿಲ್ಲ. ವಿವರಣೆಯಲ್ಲಿ ಬರೆಯುವುದೂ ಬಿಡುವುದೂ ಜೋಡಣೆ ಸಿದ್ಧಪಡಿಸಿದವರ ಇಚ್ಛೆ. ಬರೆಯದಿದ್ದರೆ ಏಜೆಂಟ್ ಊಹಿಸುತ್ತದೆ. ಊಹೆ ತಪ್ಪಿದರೆ ಬೆಳೆಸಾಲದ ಲೆಕ್ಕವೂ ತಪ್ಪುತ್ತದೆ.

ಎರಡನೆಯ ಕೊರತೆ ಅನುಮತಿಯದು. ದಾಖಲೆ ಓದುವ ಹಕ್ಕು ಬೇರೆ, ತಿದ್ದುವ ಹಕ್ಕು ಬೇರೆ. ಕರ್ನಾಟಕದ ‘ಭೂಮಿ’ ಯೋಜನೆಯನ್ನು ಸುಮಾರು 2000ದಲ್ಲಿ ರೂಪಿಸುವಾಗಲೇ, ದಾಖಲೆ ಬದಲಿಸುವ ಸಿಬ್ಬಂದಿ ಬೆರಳಚ್ಚು ನೀಡಿ ತಮ್ಮ ಗುರುತು ಸ್ಥಾಪಿಸಬೇಕೆಂಬ ಏರ್ಪಾಡು ಇತ್ತು. ಎಂಸಿಪಿಯ ಮೊದಲ ಆವೃತ್ತಿಯಲ್ಲಿ ಅನುಮತಿಯ ಕ್ರಮವೇ ಇರಲಿಲ್ಲ. 2025ರ ಮಾರ್ಚ್‌ನ ಆವೃತ್ತಿಯಲ್ಲಿ ಸೇರಿತು, ಅದೂ ಐಚ್ಛಿಕವಾಗಿ. ಮನೆ ಕಟ್ಟಿದ ಮೇಲೆ ಬಾಗಿಲಿಗೆ ಚಿಲಕ ಹುಡುಕಿದಂತಾಯಿತು.

ಹಾಗೆಂದು ಇದನ್ನು ತಿರಸ್ಕರಿಸಬೇಕಿಲ್ಲ. ಮಾನಕ ಮುಕ್ತವಾಗಿರುವುದರಿಂದ ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ಎಕರೆ-ಗುಂಟೆ ಬಲ್ಲ ನಮ್ಮ ವಿದ್ಯಾರ್ಥಿಗಳು ಆ ಕೆಲಸಕ್ಕೆ ಯಾರಿಗೂ ಕಡಿಮೆಯಲ್ಲ.

ಏಕಮಾನ ಬರೆಯದ ಉತ್ತರಕ್ಕೆ ನಾವು ತರಗತಿಯಲ್ಲಿ ಅಂಕ ಕಳೆಯುತ್ತೇವೆ. ಜಗತ್ತಿನ ಗಣಕಗಳಿಗೂ ಅದೇ ನಿಯಮ ಇರಬೇಕಲ್ಲವೆ?