ಚಿತ್ರಕ್ಕೂ ಒಂದು ನುಡಿಯುಂಟು

ಕಲೆಯನ್ನು ಕುರಿತ ನಮ್ಮ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: ಕಾವ್ಯಕ್ಕೆ ಭಾಷೆಯ ಕಟ್ಟುಂಟು, ಚಿತ್ರಕ್ಕೆ ಅದಿಲ್ಲ, ಕಣ್ಣಿದ್ದವರಿಗೆಲ್ಲ ಚಿತ್ರ ಅರ್ಥವಾಗುತ್ತದೆ, ಆದುದರಿಂದ ಚಿತ್ರಕಾರನಿಗೆ ಗಡಿಯೆಂಬುದಿಲ್ಲ. ಮಾತು ಕೇಳುವುದಕ್ಕೆ ಇಂಪಾಗಿದೆ. ಎರಡು ಮೂರು ಭಾಷೆಗಳ ನಡುವೆ ಬಾಳುವ ಗಡಿನಾಡಿನವರಾದ ನಮಗಂತೂ ಅದರಿಂದ ಒಂದು ಬಗೆಯ ಸಮಾಧಾನವೂ ದೊರೆಯುತ್ತದೆ. ಆದರೆ ಇಂಪಾದುದೆಲ್ಲ ನಿಜವಾಗಿರಬೇಕೆಂದಿಲ್ಲ. ಈ ಮಾತನ್ನು ಒಪ್ಪಿದೆವೆಂದರೆ ಚಿತ್ರವನ್ನು ಕಲಿಸಬೇಕಾದ ಅಗತ್ಯವೇ ಇಲ್ಲವೆಂದಾಗುತ್ತದೆ. ತಾನಾಗಿಯೇ ತಿಳಿಯುವುದನ್ನು ಕಲಿಸುವುದೇತಕ್ಕೆ? ಆಗ ಶಾಲೆಯ ವೇಳಾಪಟ್ಟಿಯಲ್ಲಿ ಚಿತ್ರದ ಪಾಠಕ್ಕೆ ಸಿಗುವ ಕಡೆಯ ಗಂಟೆಯೂ ಹೆಚ್ಚೇ ಎನ್ನಬೇಕಾಗುತ್ತದೆ. ನನಗೆ ಪ್ರಿಯರಾದ ಕೆಲವು ದೇಶಗಳ ಚಿತ್ರಕಾರರನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ದೂರ ಹೋಗುವ ಮೊದಲು ಹತ್ತಿರದ ಒಂದು ದೃಷ್ಟಾಂತವನ್ನು ನೋಡೋಣ. ಕಾಸರಗೋಡಿನ ಹುಡುಗನೊಬ್ಬ ಯಕ್ಷಗಾನದ ಚೌಕಿಯ ಬಾಗಿಲಲ್ಲಿ ನಿಂತರೆ, ಮುಖಕ್ಕೆ ಚುಟ್ಟಿಯಿಡುತ್ತಿರುವ ವೇಷಧಾರಿಯನ್ನು ಕಂಡು ಇದು ಬಣ್ಣದ ವೇಷ, ರಾಕ್ಷಸನು ಬರಲಿದ್ದಾನೆ ಎಂದು ಹೇಳಬಲ್ಲ. ಅದೇ ಹುಡುಗ ಮೊದಲ ಬಾರಿಗೆ ಕಥಕಳಿ ನೋಡಲು ಹೋದರೆ ಹಸುರು ಮುಖಗಳನ್ನೆಲ್ಲ ಒಂದೇ ಎಂದು ತಿಳಿಯಬಹುದು. ಬರಿಯ ಹಸುರಾದರೆ ಅದು ‘ಪಚ್ಚ’, ಧೀರನಾದ ನಾಯಕ; ಅದೇ ಹಸುರಿನ ಮೇಲೆ ಕೆಂಪು ಮೀಸೆಯ ಗೆರೆ ಏರಿ, ಮೂಗಿನ ತುದಿಯಲ್ಲೂ ಹಣೆಯಲ್ಲೂ ಬಿಳಿಯ ಗುಂಡುಗಳು ಕೂತರೆ ಅದು ‘ಕತ್ತಿ’, ರಾವಣನಂಥ ಮದೋದ್ಧತ. ಕಣ್ಣು ಎರಡು ಕಡೆಯೂ ಅದೇ; ತಿಳಿವಳಿಕೆ ಬೇರೆ. ಬಣ್ಣಕ್ಕೂ ಗೆರೆಗೂ ವ್ಯಾಕರಣವುಂಟು ಎಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷಿ ನಮಗೆ ಬೇಕಾಗಿಲ್ಲ.

೧

ಜಪಾನಿನ ಹೊಕುಸಾಯಿ (೧೭೬೦–೧೮೪೯) ಇಂದು ಜಗತ್ತೆಲ್ಲ ಬಲ್ಲ ಚಿತ್ರಕಾರ. ಅವನ ‘ಮಹಾತರಂಗ’ವೆಂದು ಹೆಸರಾದ ಅಚ್ಚುಚಿತ್ರವನ್ನು ಕಾಣದವರು ವಿರಳ. ಫೂಜಿ ಪರ್ವತವನ್ನು ನಾನಾ ಕಡೆಗಳಿಂದ ತೋರಿಸುವ ಮಾಲೆಯೊಂದನ್ನು ಅವನು ೧೮೩೦ರ ಸುಮಾರಿಗೆ, ಎಪ್ಪತ್ತರ ವಯಸ್ಸಿನಲ್ಲಿ, ಕೈಗೆತ್ತಿಕೊಂಡ. ಹೆಸರಿಗೆ ಮೂವತ್ತಾರು ನೋಟಗಳು. ಜನಪ್ರಿಯತೆಯಿಂದಾಗಿ ಹತ್ತು ಸೇರಿ ನಲವತ್ತಾರಾದವು. ಅವುಗಳಲ್ಲೊಂದು ಈ ಅಲೆ. ಉಗುರುಗಳಂತೆ ಬಾಗಿದ ನೊರೆ, ಅದರ ಕೆಳಗೆ ಮೂರು ದೋಣಿಗಳು, ದೋಣಿಗೆ ಕವುಚಿಕೊಂಡ ಅಂಬಿಗರು. ಎಲ್ಲಕ್ಕೂ ಹಿಂದೆ, ಅಲೆಯ ಕಣಿವೆಯಲ್ಲಿ, ಇನ್ನೊಂದು ಚಿಕ್ಕ ಅಲೆಯೋ ಎಂಬಂತೆ ಫೂಜಿ.

ಚಿತ್ರವು ಯಾರನ್ನಾದರೂ ತಡೆದು ನಿಲ್ಲಿಸುತ್ತದೆ, ನಿಜ. ಆದರೆ ನಾವು ಎಡದಿಂದ ಬಲಕ್ಕೆ ಓದುವವರು. ನಮ್ಮ ಕಣ್ಣು ಎಡದಿಂದ ಒಳಹೊಕ್ಕು ಅಲೆಯ ಬೆನ್ನೇರಿ ಅದರ ಜೊತೆಯಲ್ಲಿಯೇ ಇಳಿಯುತ್ತದೆ. ಜಪಾನೀಯರು ಬಲದಿಂದ ಎಡಕ್ಕೆ ನೋಡುವ ರೂಢಿಯವರು. ಅವರ ಕಣ್ಣು ದೋಣಿಗಳ ಕಡೆಯಿಂದ ಬಂದು ಅಲೆಗೆ ಎದುರಾಗುತ್ತದೆ. ನಮಗೆ ಅದು ಅಲೆಯ ಗೆಲುವಿನ ಚಿತ್ರ. ಅವರಿಗೆ ಅಂಬಿಗರ ಭಯದ ಚಿತ್ರ. ಚಿತ್ರವು ಭಾಷಾತೀತವೆನ್ನುವವರು ಈ ಒಂದು ಹಾಳೆಯನ್ನು ಎರಡೂ ದಿಕ್ಕುಗಳಿಂದ ನೋಡಬೇಕು.

ಇನ್ನೊಂದು ಸಂಗತಿಯೂ ಗಮನಾರ್ಹ. ಪರಮ ಜಪಾನೀಯವೆಂದು ನಾವು ಭಾವಿಸುವ ಈ ಚಿತ್ರದ ಗಾಢನೀಲಿ ಜಪಾನಿನದಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿಯದು. ವರ್ತಕರ ಮೂಲಕ ಜಪಾನಿಗೆ ಬಂದದ್ದು. ತಗ್ಗಿದ ದಿಗಂತ, ದೂರದ್ದನ್ನು ಕಿರಿದಾಗಿ ಬರೆಯುವ ಲೆಕ್ಕ, ಇವೂ ಡಚ್ಚರ ಚಿತ್ರಗಳಿಂದ ಅಲ್ಲಿಗೆ ಇಳಿದವು. ಹೊಕುಸಾಯಿ ಹೊರಗಿನದನ್ನು ದೂರವಿಡಲಿಲ್ಲ. ತನ್ನ ರೇಖೆಯನ್ನು ಬಿಟ್ಟುಕೊಡಲೂ ಇಲ್ಲ. ಬಣ್ಣ ಪರದೇಶದ್ದು, ವಾಕ್ಯ ಅವನದು.

೨

ಹಾಲೆಂಡಿನ ವಾನ್ ಗೋ (೧೮೫೩–೧೮೯೦) ಜಪಾನನ್ನು ಕಂಡವನಲ್ಲ. ಅಚ್ಚುಚಿತ್ರಗಳ ಮೂಲಕವೇ ಅವನಿಗೆ ಆ ದೇಶದ ಪರಿಚಯ. ಅವನು ಅವನ್ನು ಕಲಿತ ಬಗೆಯಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಬಹುದು. ಉಪಾಧ್ಯಾಯರಾದವರಿಗೆ ಅದು ವಿಶೇಷವಾಗಿ ಆಲೋಚನೀಯ.

ಮೊದಲನೆಯದು ಅನುಕರಣ. ೧೮೮೭ರಲ್ಲಿ ಪ್ಯಾರಿಸಿನಲ್ಲಿದ್ದಾಗ ಹಿರೋಶಿಗೆಯ ಎರಡು ಅಚ್ಚುಚಿತ್ರಗಳನ್ನು, ಹೂಬಿಟ್ಟ ಪ್ಲಮ್ ತೋಟವನ್ನೂ ಮಳೆಯಲ್ಲಿನ ಸೇತುವೆಯನ್ನೂ, ಅವನು ತೈಲವರ್ಣದಲ್ಲಿ ನಕಲು ಮಾಡಿದ. ಅವುಗಳ ಅಂಚಿನಲ್ಲಿ ಬೇರೆ ಅಚ್ಚುಗಳಿಂದ ತೆಗೆದ ಜಪಾನೀ ಅಕ್ಷರಗಳನ್ನೂ ಬಿಡಿಸಿದ. ಓದಲು ಅವನಿಗೆ ಬರುತ್ತಿರಲಿಲ್ಲ. ಅಕ್ಷರಗಳು ಅವನಿಗೆ ಬಳ್ಳಿಯಂತೆ ಅಲಂಕಾರ ಮಾತ್ರ. ಪ್ರೀತಿ ಇಲ್ಲಿ ಧಾರಾಳವಾಗಿದೆ, ಅರ್ಥ ಇನ್ನೂ ಒದಗಿಲ್ಲ.

ಎರಡನೆಯದು ವ್ಯಾಕರಣದ ಗ್ರಹಣ. ೧೮೮೮ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್‌ಗೆ ಹೋದ ಮೇಲೆ ಅವನು ಅಲ್ಲಿ ಬೆಳೆಯುವ ಜೊಂಡನ್ನು ಕೊಯ್ದು ಲೇಖನಿ ಮಾಡಿಕೊಂಡು ಹೊಲಗದ್ದೆಗಳನ್ನು ಬರೆದ. ಗೋದಿಯ ತೆನೆಗೆ ಒಂದು ಬಗೆಯ ಗೆರೆ, ಉತ್ತ ಮಣ್ಣಿಗೆ ಇನ್ನೊಂದು, ಆಕಾಶಕ್ಕೆ ಚುಕ್ಕೆ. ಇಲ್ಲಿ ಜಪಾನೀ ಅಕ್ಷರವೊಂದೂ ಇಲ್ಲ. ಆದರೆ ಒಂದೊಂದು ವಸ್ತುವಿಗೂ ಒಂದೊಂದು ಗೆರೆಯನ್ನು ಹುಡುಕುವ ಜಪಾನೀ ವಿವೇಕವಿದೆ. ಬೆಳೆ ಮಾತ್ರ ಫ್ರಾನ್ಸಿನದು.

ಮೂರನೆಯದು ಭಾಷಾಂತರ. ೧೮೮೯–೯೦ರಲ್ಲಿ ಸ್ಯಾಂ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಫ್ರೆಂಚ್ ಚಿತ್ರಕಾರ ಮಿಲೆಯ ರೈತಚಿತ್ರಗಳ ಕಪ್ಪುಬಿಳುಪು ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಣಚಿತ್ರಗಳನ್ನು ಬರೆದ. ತಮ್ಮನಿಗೆ ಬರೆದ ಪತ್ರದಲ್ಲಿ ಇದನ್ನು ನಕಲೆನ್ನದೆ, ಬಣ್ಣವೆಂಬ ಇನ್ನೊಂದು ಭಾಷೆಗೆ ಮಾಡಿದ ಅನುವಾದವೆಂದೇ ಕರೆದ. ಚಿತ್ರಕ್ಕೆ ಭಾಷೆಯಿಲ್ಲವೆನ್ನುವ ನಮ್ಮ ಭಾಷಣಕಾರರಿಗೆ ಇದಕ್ಕಿಂತ ಪ್ರಬಲವಾದ ಉತ್ತರ ಬೇಕಿಲ್ಲ. ಉತ್ತರವಿತ್ತವನು ವಿಮರ್ಶಕನಲ್ಲ, ಚಿತ್ರಕಾರನೇ.

೩

ಇಲ್ಲಿ ಒಂದು ಆಕ್ಷೇಪ ಬರಬಹುದು. ಅಲೆಯನ್ನೂ ಗೋದಿಯನ್ನೂ ಬಿಡಿ. ತಾಯಿಯ ದುಃಖವನ್ನು ತಿಳಿಯುವುದಕ್ಕೂ ಪಾಠ ಬೇಕೆ? ಆಕ್ಷೇಪ ಸಾಧುವಾದುದೇ. ಅದಕ್ಕೆ ಉತ್ತರವನ್ನು ಜರ್ಮನಿಯ ಕೇಟೆ ಕೋಲ್ವಿಟ್ಸ್ (೧೮೬೭–೧೯೪೫) ಎಂಬ ಮಹಾಕಲಾವಿದೆಯಲ್ಲಿ ಹುಡುಕೋಣ. ಬರ್ಲಿನ್ನಿನ ಬಡವರ ಕೇರಿಯಲ್ಲಿ ವೈದ್ಯನಾಗಿದ್ದವನ ಪತ್ನಿ ಈಕೆ. ಮಗ ಪೇಟರ್ ಹದಿನೆಂಟರ ಹರೆಯದಲ್ಲಿ ಯುದ್ಧಕ್ಕೆ ಹೊರಡುವೆನೆಂದಾಗ ತಂದೆ ಒಪ್ಪಲಿಲ್ಲ. ತಂದೆಯನ್ನು ಒಪ್ಪಿಸಿದವಳು ತಾಯಿ. ೧೯೧೪ರ ಅಕ್ಟೋಬರದಲ್ಲಿ ಮಗ ರಣರಂಗದಲ್ಲಿ ಮಡಿದ.

ಆಕೆ ಆ ಸಂಕಟವನ್ನು ತಾಮ್ರದ ತಗಡಿನಲ್ಲಿ, ಕಲ್ಲಚ್ಚಿನಲ್ಲಿ ಹೇಳಲು ಹೆಣಗಿ, ಕೊನೆಗೆ ಮರದ ಹಲಗೆಯನ್ನು ಆರಿಸಿಕೊಂಡಳು. ‘ಯುದ್ಧ’ವೆಂಬ ಏಳು ಅಚ್ಚುಗಳ ಮಾಲೆ ೧೯೨೩ರಲ್ಲಿ ಹೊರಬಿತ್ತು. ಮೊದಲನೆಯದರ ಹೆಸರು ‘ಬಲಿ’. ಕಪ್ಪು ಮೇಲುಹೊದಿಕೆಯೊಳಗೆ ಬೆತ್ತಲೆ ನಿಂತ ತಾಯಿ, ಕಣ್ಣು ಮುಚ್ಚಿ, ಹಸುಗೂಸನ್ನು ಎರಡು ಕೈಗಳಲ್ಲಿ ಎತ್ತಿ ಹಿಡಿದಿದ್ದಾಳೆ. ಏನೂ ತಿಳಿಯದೆ ನೋಡಿದವರಿಗೆ ಕಾಣುವುದು ಮಗುವನ್ನು ಲೋಕಕ್ಕೆ ತೋರಿಸುತ್ತಿರುವ ತಾಯಿ. ಅದರಲ್ಲಿ ವಾತ್ಸಲ್ಯವೇ ಹೆಚ್ಚು. ಹೆಸರನ್ನೂ ಹಿನ್ನೆಲೆಯನ್ನೂ ತಿಳಿದವರಿಗೆ ಅದೇ ಕೈಗಳು ಮಗುವನ್ನು ಒಪ್ಪಿಸಿಬಿಡುತ್ತಿರುವ ಕೈಗಳಾಗುತ್ತವೆ. ಮುಚ್ಚಿದ ಕಣ್ಣಿನ ಅರ್ಥವೇ ಬದಲಾಗುತ್ತದೆ. ದುಃಖ ಎಲ್ಲರಿಗೂ ತಿಳಿಯುತ್ತದೆ. ಆದರೆ ಆ ದುಃಖದೊಳಗಿರುವ ತಪ್ಪೊಪ್ಪಿಗೆ ಓದಿದವರಿಗೆ ಮಾತ್ರ ತಿಳಿಯುತ್ತದೆ.

ಈ ಚಿತ್ರ ಓದುಗನೊಬ್ಬನನ್ನು ಬಹುದೂರದಲ್ಲಿ ಪಡೆಯಿತು. ೧೯೩೧ರ ಫೆಬ್ರುವರಿಯಲ್ಲಿ ಚೀನದ ತರುಣ ಲೇಖಕ ರೌ ಶಿಯನ್ನು ಅಲ್ಲಿನ ಸರಕಾರ ಕೊಲ್ಲಿಸಿತು. ಅವನಿಗೆ ಹಿರಿಯ ಮಿತ್ರನಾಗಿದ್ದ ಲೂ ಶುನ್ ಬಹಿರಂಗವಾಗಿ ಶೋಕಿಸುವಂತಿರಲಿಲ್ಲ. ಅವನು ‘ಬಲಿ’ಯ ಅಚ್ಚನ್ನು ಪತ್ರಿಕೆಯೊಂದರಲ್ಲಿ ಪ್ರಕಟಿಸಿದ, ಅದೇ ಅವನ ಶ್ರದ್ಧಾಂಜಲಿ. ಅದೇ ವರ್ಷ ಶಾಂಘಾಯಿಯಲ್ಲಿ ತರುಣರಿಗೆ ಮರಗೆತ್ತನೆಯ ಅಚ್ಚುಚಿತ್ರದ ತರಗತಿಯೊಂದನ್ನು ಏರ್ಪಡಿಸಿದ. ತೀರಿಕೊಂಡ ೧೯೩೬ರಲ್ಲಿಯೇ ಕೋಲ್ವಿಟ್ಸಳ ಚಿತ್ರಸಂಗ್ರಹವನ್ನೂ ಹೊರತಂದ. ಮರದ ಅಚ್ಚು ಚೀನಕ್ಕೆ ಹೊಸತಲ್ಲ; ತಾರೀಖುಳ್ಳ ಅತಿ ಪ್ರಾಚೀನ ಮುದ್ರಿತ ಗ್ರಂಥ, ಕ್ರಿ. ಶ. ೮೬೮ರ ವಜ್ರಸೂತ್ರ, ಮರದಚ್ಚಿನ ಚಿತ್ರದೊಡನೆ ಅಲ್ಲಿಯೇ ಮುದ್ರಿತವಾದುದು. ತನ್ನದೇ ಹಳೆಯ ವಿದ್ಯೆಯನ್ನು ಚೀನ ಒಬ್ಬ ಜರ್ಮನ್ ತಾಯಿಯ ಕೈಯಿಂದ ಹೊಸದಾಗಿ ಪಡೆಯಿತು. ಭಾಷೆಯಿಲ್ಲದ್ದರಿಂದ ಚಿತ್ರ ಗಡಿ ದಾಟಿತೆ? ಅಲ್ಲ. ಅದನ್ನು ಓದಿ, ತನ್ನವರಿಗೆ ಓದಿ ಹೇಳಬಲ್ಲವನೊಬ್ಬನು ಆಚೆಯ ದಡದಲ್ಲಿ ಇದ್ದುದರಿಂದ ದಾಟಿತು.

೪

ಇನ್ನು ನಮ್ಮ ದೇಶಕ್ಕೆ ಬರೋಣ. ಕಿಳಿಮಾನೂರಿನ ರಾಜಾ ರವಿವರ್ಮ (೧೮೪೮–೧೯೦೬) ಯುರೋಪಿನ ತೈಲವರ್ಣದ ವಿದ್ಯೆಯನ್ನು ಸಾಧಿಸಿದ ರೀತಿ ವಿಸ್ಮಯಕರವಾದುದು. ಅವನ ಮುದ್ರಣಾಲಯ ೧೮೯೪ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ ಮೇಲೆ ಲಕ್ಷ್ಮಿ ಸರಸ್ವತಿಯರು ಮನೆಮನೆಯ ಗೋಡೆಗೆ ಬಂದರು. ಮಲಯಾಳ ದೇಶದ ಚಿತ್ರಕಾರ, ಮರಾಠೀ ಸೀರೆಯುಟ್ಟ ದೇವಿಯರು, ಯುರೋಪಿನ ಬೆಳಕುನೆರಳು. ಎಲ್ಲವೂ ಕೂಡಿ ನಮ್ಮ ದೇವರ ಕೋಣೆ. ಗಡಿ ದಾಟಿದವರಲ್ಲಿ ಅವನಿಗೆ ಸಮಾನರು ಕಡಿಮೆ. ಆದರೂ ಒಂದು ಮಾತು ಹೇಳಲೇಬೇಕು: ಅವನ ಪೌರಾಣಿಕ ಚಿತ್ರಗಳಲ್ಲಿ ಪಾತ್ರಗಳು ನಾಟಕದ ಪರದೆಯ ಮುಂದೆ ನಿಂತವರಂತೆ ತೋರುತ್ತಾರೆ. ಶಬ್ದ ಸಂಪತ್ತು ಅಪಾರ, ವಾಕ್ಯರಚನೆ ಮಾತ್ರ ಪರರದು. ಅವನನ್ನು ಹಳಿಯುವುದಕ್ಕಾಗಿ ಹೀಗೆ ಹೇಳುತ್ತಿಲ್ಲ. ಮೊದಲ ಅನುವಾದಕನ ಕಷ್ಟವೇ ಅಂಥದು.

ಹಂಗೇರಿಯ ತಾಯಿ, ಪಂಜಾಬಿನ ತಂದೆ; ಜನನ ಬುಡಾಪೆಸ್ಟಿನಲ್ಲಿ, ಶಿಕ್ಷಣ ಪ್ಯಾರಿಸಿನಲ್ಲಿ. ಅಮೃತಾ ಶೇರ್‌ಗಿಲ್ (೧೯೧೩–೧೯೪೧) ಹುಟ್ಟಿನಿಂದಲೇ ಗಡಿನಾಡಿನವಳು. ಅಜಂತೆಯ ಭಿತ್ತಿಗಳನ್ನು ನೋಡಿ, ದಕ್ಷಿಣವನ್ನು ಸುತ್ತಿಬಂದ ಮೇಲೆ ೧೯೩೭ರಲ್ಲಿ ‘ವಧುವಿನ ಶೃಂಗಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರು’ ಎಂಬ ಮೂರು ಚಿತ್ರಗಳನ್ನು ಬರೆದಳು. ‘ಬ್ರಹ್ಮಚಾರಿಗಳು’ ಚಿತ್ರದ ಕಂದು ಮೈ, ಬಿಳಿಯ ಪಂಚೆ, ಕೆಮ್ಮಣ್ಣಿನ ಹಿನ್ನೆಲೆ, ಇವುಗಳಲ್ಲಿ ಪ್ಯಾರಿಸು ಮರೆತುಹೋಗಿಲ್ಲ, ಅಜಂತೆ ನಕಲಾಗಿಲ್ಲ. ಆದರೆ ಅವಳ ಹಳ್ಳಿಗರಿಗೆಲ್ಲ ಒಂದೇ ವಿಷಾದದ ಮುಖ. ಸಂತೆಗೆ ಹೋಗುವವರು ಹರಟುತ್ತಾರೆ, ಚೌಕಾಸಿ ಮಾಡುತ್ತಾರೆ, ನಗುತ್ತಾರೆ. ಆ ಸದ್ದು ಅಲ್ಲಿ ಕೇಳಿಸುವುದಿಲ್ಲ. ವಿಷಾದ ಹಳ್ಳಿಗರದೋ ನೋಡಿದವಳದೋ ಎಂಬ ಸಂದೇಹ ನನ್ನಲ್ಲಿ ಉಳಿದಿದೆ. ಇಪ್ಪತ್ತೆಂಟರಲ್ಲೇ ತೀರಿಕೊಂಡವಳಿಗೆ ಉತ್ತರಿಸಲು ಕಾಲ ಸಾಲಲಿಲ್ಲ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು (೧೯೧೧–೧೯೯೬) ನಮ್ಮ ಕರಾವಳಿಯವರೇ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಅನಂತರ ಪ್ಯಾರಿಸಿಗೂ ಹೋಗಿಬಂದರು. ಇಷ್ಟಾದ ಮೇಲೂ ಅವರ ಶ್ರೇಷ್ಠ ಸಂಪತ್ತು ಬಣ್ಣವಲ್ಲ, ರೇಖೆ. ಲಯವನ್ನು ಮೈಯಿಂದಲೇ ತಿಳಿಯಬೇಕೆಂದು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ೧೯೬೪ರಲ್ಲಿ ಹೊರಬಂದ ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ಹಾಡುವ ರೇಖೆ’ ಎಂಬ ಅರ್ಥದ್ದು. ನರ್ತಕಿಯ ಕೈಯಿಂದ ಹೊರಟ ಗೆರೆ ಭುಜಕ್ಕೆ ಬಂದು, ಬೆನ್ನಿಗಿಳಿದು, ಕಾಲಿನಲ್ಲಿ ತಾಳ ಹಾಕಿ ನಿಲ್ಲುತ್ತದೆ. ಮುಖ ಬರೆಯದಿದ್ದರೂ ಭಾವಕ್ಕೆ ಕೊರತೆಯಿಲ್ಲ. ವಾನ್ ಗೋ ಏರಿದ ಮೂರನೆಯ ಮೆಟ್ಟಿಲಿನಲ್ಲಿ ನಾವು ಇವರನ್ನು ಕಾಣುತ್ತೇವೆ. ಕೆಲವೊಮ್ಮೆ ಆ ರೇಖೆ ತನ್ನ ಮಾಧುರ್ಯಕ್ಕೆ ತಾನೇ ಮರುಳಾಗುವುದೂ ಉಂಟು. ಆದರೆ ಇದು ಶ್ರೀಮಂತನ ದೋಷ.

೫

ಇಷ್ಟರಿಂದ ತಿಳಿದುಬರುವುದು ಇದು: ಚಿತ್ರಕ್ಕೆ ಭಾಷೆಯಿಲ್ಲವೆಂಬುದು ಔದಾರ್ಯದಂತೆ ತೋರುವ ಉದಾಸೀನ. ಭಾಷೆಯಿಲ್ಲವೆಂದೊಡನೆ ಕಲಿಯುವ ಶ್ರಮ ತಪ್ಪುತ್ತದೆ. ಗಡಿನಾಡಿನಲ್ಲಿ ನಾವು ಇನ್ನೊಂದು ಉದಾಸೀನವನ್ನೂ ಕಂಡಿದ್ದೇವೆ: ಯಾವ ಭಾಷೆಯಾದರೇನು, ಅರ್ಥವಾದರೆ ಸಾಕು ಎಂಬ ಮಾತು. ಅದರ ಬೆಲೆಯನ್ನು ತೆತ್ತವರು ಮಕ್ಕಳು. ಮೇಲೆ ಹೇಳಿದ ಕಲಾವಿದರಲ್ಲಿ ಯಾರೂ ಹೊರಗಿನದಕ್ಕೆ ಬಾಗಿಲು ಹಾಕಲಿಲ್ಲ. ಆದರೆ ತನ್ನ ಕೈಗೆ ಒಂದು ನುಡಿ ಇದ್ದವರಿಗೆ ಹೊರಗಿನದು ಬಲವಾಯಿತು. ಅದು ದೃಢವಾಗದವರಿಗೆ ಆಭರಣವಾಯಿತು.

ಆದುದರಿಂದ ಸಹೋದ್ಯೋಗಿಗಳಲ್ಲಿ ಒಂದು ಸಣ್ಣ ವಿಜ್ಞಾಪನೆ. ಹಲಗೆಯ ಮೇಲಿನ ಹೂಜಿಯನ್ನೂ ಮಾವಿನಕಾಯಿಯನ್ನೂ ನೋಡಿ ಬರೆಯಿಸುವುದರ ಜೊತೆಗೆ, ತಿಂಗಳಿಗೊಮ್ಮೆ ಒಂದು ಒಳ್ಳೆಯ ಚಿತ್ರವನ್ನು ಮಕ್ಕಳ ಮುಂದಿಟ್ಟು ಓದಿಸೋಣ. ಹೊಕುಸಾಯಿಯ ಅಲೆಯಿಂದಲೇ ಆರಂಭಿಸಬಹುದು. ನಿನ್ನ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎತ್ತ ನಡೆಯಿತು ಎಂದು ಕೇಳೋಣ. ನಮ್ಮ ತರಗತಿಗಳಲ್ಲಿ ಬೆಳಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಅರಬಿಯನ್ನು ಓದಿ, ಅನಂತರ ಶಾಲೆಯಲ್ಲಿ ಎಡದಿಂದ ಬಲಕ್ಕೆ ಕನ್ನಡವನ್ನು ಓದುವ ಮಕ್ಕಳಿದ್ದಾರೆ. ಆ ಅಲೆಯನ್ನು ಎರಡು ಕಡೆಯಿಂದಲೂ ನೋಡಬಲ್ಲವರು ಅವರೇ. ಅವರು ಏನು ಹೇಳುವರೆಂಬುದನ್ನು ನಾವು ಕೇಳಬೇಕಾಗಿದೆ.